ಗಂಗಮ್ಮನ ಗುಡಿಯೆದುರಿನ ಖಾಲಿ ಜಾಗ

ನಂದಿ ತೀರ್ಥಕ್ಕೆ ಹೋಗಿ ಬಂದೆವು ಅಂದಿರಲ್ಲ, ಹಾಗಾದರೆ ಅದರ ಕತೆಯನ್ನೂ ಕೇಳಿಬಿಡಿ. ಹೊರಗೆ ಮಳೆ ಹೇಗೂ ನಿಲ್ಲುವ ಹಾಗಿಲ್ಲ. ನೀವು ಇವತ್ತು ಕಂಡದ್ದು ಕಲ್ಲಿನ ಕಂಬಗಳ ಮಂಟಪ, ಮೆಟ್ಟಿಲಿಳಿದರೆ ಕಲ್ಯಾಣಿ, ದಕ್ಷಿಣಕ್ಕೆ ಮುಖ ಮಾಡಿ ಕೂತ ನಂದಿ, ಅದರ ಬಾಯಿಂದ ಕೆಳಗಿನ ಲಿಂಗದ ಮೇಲೆ ಬೀಳುವ ನೀರು. ನಾನು ಬೆಳೆದ ಕಾಲದಲ್ಲಿ ಅಲ್ಲಿ ಇದೇನೂ ಇರಲಿಲ್ಲ. ಗಂಗಮ್ಮನ ಗುಡಿಯೆದುರು ಬರೀ ಖಾಲಿ ಜಾಗ.

ವೈಯಾಲಿಕಾವಲ್‌ನವರಾದ ನಮಗೆ ಕಾಡು ಮಲ್ಲೇಶ್ವರ ದೂರದ ದೇವರಲ್ಲ. ಕೋದಂಡರಾಮಪುರ ದಾಟಿದರೆ ಟೆಂಪಲ್ ರಸ್ತೆ, ಅಲ್ಲಿಂದ ನಾಲ್ಕು ಹೆಜ್ಜೆ. ಕಾರ್ತಿಕ ಸೋಮವಾರ, ಶಿವರಾತ್ರಿ, ಮನೆಗೆ ನೆಂಟರು ಬಂದ ದಿನ, ಹೀಗೆ ಯಾವುದಾದರೂ ನೆಪ ಸಿಕ್ಕಿದರೆ ಸಾಕು, ಹೊರಟುಬಿಡುತ್ತಿದ್ದೆವು. ಹೋಗುವಾಗಲೆಲ್ಲ ಆ ಖಾಲಿ ಜಾಗದ ಪಕ್ಕದಲ್ಲೇ ಹಾದುಹೋಗಿದ್ದೇವೆ. ನಿಂತು ನೋಡುವಂಥದ್ದು ಅಲ್ಲೇನಿದೆ ಅನ್ನಿಸಿದ್ದೇ ಇಲ್ಲ.

1997ರಲ್ಲಿ ಆ ಜಾಗ ಮಾರಾಟವಾಗುತ್ತದಂತೆ, ಅಲ್ಲಿ ಕಟ್ಟಡ ಏಳುತ್ತದಂತೆ ಎಂಬ ಸುದ್ದಿ ಹಬ್ಬಿತು. ಆಗ ಬೆಂಗಳೂರಿನಲ್ಲಿ ಅದು ದಿನಬೆಳಗಾದರೆ ಕೇಳುವ ಮಾತು. ಹಳೇ ಮನೆ ಬೀಳುವುದು, ಅಪಾರ್ಟ್‌ಮೆಂಟ್ ಏಳುವುದು ಯಾರಿಗೂ ಹೊಸದಾಗಿರಲಿಲ್ಲ. ಆದರೆ ಈ ಜಾಗದ ವಿಷಯದಲ್ಲಿ ಟೆಂಪಲ್ ರಸ್ತೆಯ ಜನ ಸುಮ್ಮನೆ ಕೂರಲಿಲ್ಲ. ಮಾರುವ ಮಾತು ಆಮೇಲೆ, ಮೊದಲು ಅಗೆದು ನೋಡಿ ಎಂದು ಹಟ ಹಿಡಿದರು. ಅವರ ಕೈಯಲ್ಲಿ ಕಾಗದಪತ್ರವಿರಲಿಲ್ಲ, ನಕ್ಷೆಯಿರಲಿಲ್ಲ. ಒಂದು ಕಡೆ ಕಾಡು ಮಲ್ಲೇಶ್ವರ, ಎದುರಿಗೆ ಗಂಗಮ್ಮ. ಇಷ್ಟು ಹಳೆಯ ಗುಡಿಗಳ ನಡುವಿನ ನೆಲ ಬರಿದಾಗಿರಲಿಕ್ಕಿಲ್ಲ ಎಂಬ ನಂಬಿಕೆಯೊಂದೇ ಅವರಿಗಿದ್ದದ್ದು.

ಅಗೆದರು. ಮೊದಲು ಮಣ್ಣು, ಆಮೇಲೂ ಮಣ್ಣು, ಅದರ ಕೆಳಗೆ ಕಲ್ಲು. ಸುದ್ದಿ ನಮ್ಮ ಬೀದಿಗೆ ಬರಲು ಎಷ್ಟು ಹೊತ್ತು ಬೇಕು! ಒಲೆಯ ಮೇಲಿನ ಅನ್ನ ಇಳಿಸಿಟ್ಟು ಹೊರಟವರಿದ್ದರು. ನಾವು ಹೋದಾಗ ಗುಂಡಿಯ ಸುತ್ತ ಜನ ಕಿಕ್ಕಿರಿದಿದ್ದರು, ಮಕ್ಕಳು ದೊಡ್ಡವರ ಹೆಗಲೇರಿದ್ದರು. ಒದ್ದೆ ಮಣ್ಣು ಮೆತ್ತಿದ ಕಂಬಗಳು ತಲೆ ಎತ್ತಿದ್ದವು. ದಿನ ಕಳೆದಂತೆ ಮಂಟಪ ಬಿಡಿಸಿಕೊಂಡಿತು, ಮೆಟ್ಟಿಲು ಕಂಡವು, ಕಲ್ಯಾಣಿ ಕಂಡಿತು. ನಂದಿ ಸಿಕ್ಕಿತು, ಅದರ ಕೆಳಗೆ ಲಿಂಗ. ಅಷ್ಟು ಕಾಲ ಮಣ್ಣಿನಡಿ ಇದ್ದ ನಂದಿಯ ಬಾಯಲ್ಲಿ ನೀರು! ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಗಂಟಲು ಕಟ್ಟಿತ್ತು. ಇಷ್ಟು ವರ್ಷ ಇದರ ಪಕ್ಕದಲ್ಲೇ ಓಡಾಡಿದ್ದೆವಲ್ಲ ಎಂಬುದೇ ಮನಸ್ಸಿನಲ್ಲಿ.

ಅದಕ್ಕೆ ಏಳು ಸಾವಿರ ವರ್ಷ ಎಂದು ಭಕ್ತಿಯಿಂದ ಹೇಳುವವರಿದ್ದಾರೆ. ಪುರಾತತ್ತ್ವದವರ ಲೆಕ್ಕ ಸುಮಾರು ನಾನೂರು ವರ್ಷ. ನನಗೆ ನಾನೂರೇ ಸಾಕು, ಏಕೆಂದರೆ ಅದಕ್ಕೆ ಹೊಂದುವ ಸಾಕ್ಷಿ ಎದುರಿನ ಗುಡಿಯಲ್ಲೇ ಇದೆ. ಕಾಡು ಮಲ್ಲೇಶ್ವರನ ಸನ್ನಿಧಿಯಲ್ಲಿ 1669ರ ಶಾಸನವಿದೆ. ಶಿವಾಜಿಯ ಮಲತಮ್ಮ ಏಕೋಜಿ ಮಲ್ಲಪುರದ ಮಲ್ಲಿಕಾರ್ಜುನನಿಗೆ ಮೇದರನಿಂಗನಹಳ್ಳಿಯನ್ನು ಬಿಟ್ಟುಕೊಟ್ಟ ದಾನಶಾಸನ ಅದು. ಮಲ್ಲೇಶ್ವರ ಬಡಾವಣೆ ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕೂ ಮೊದಲೇ ಇಲ್ಲಿ ಊರಿತ್ತು, ದೇವರಿಗೆ ಉಂಬಳಿಯಿತ್ತು. ನಾವು ಬಡಾವಣೆ ಎಂದು ಕರೆಯುವುದರ ಕೆಳಗೆ ಒಂದು ಹಳ್ಳಿ ಮಲಗಿದೆ.

ಆ ಹಳ್ಳಿಯ ಮೇಲೆ ಎದ್ದದ್ದೇನು ಕಡಿಮೆಯೇ? ಪೇಟೆಯ ಇಕ್ಕಟ್ಟು ಬಿಡಿಸಲು ಮಲ್ಲೇಶ್ವರ, ಬಸವನಗುಡಿಗಳ ಯೋಚನೆ ಮೊದಲೇ ಆಗಿತ್ತು. 1898ರ ಪ್ಲೇಗು ಅದನ್ನು ಅವಸರಕ್ಕೆ ತಂದಿತು. ಇಲಿ ಬಿದ್ದ ಮನೆ ಬಿಟ್ಟು ಬಂದವರಿಗೆ ಗಾಳಿ ಬೆಳಕು ಬೇಕಿತ್ತು. ಅದಕ್ಕೇ ನೇರ ಬೀದಿಗಳು, ಮನೆಯ ಸುತ್ತ ಜಾಗ, ಹಿಂದೆ ಕನ್ಸರ್ವೆನ್ಸಿ ಗಲ್ಲಿ, ರಸ್ತೆಗೆ ಸಂಪಿಗೆ, ಬೇವಿನ ಹೆಸರು. ಮಂಗಳೂರು ಹೆಂಚು, ಮದ್ರಾಸ್ ತಾರಸಿ, ಕೆಂಪು ಗಾರೆಯ ನೆಲ, ಕಿಟಕಿಯ ಮೇಲೆ ಮರದ ಪಟ್ಟಿಗಳ ಮಂಕಿ ಟಾಪ್, ಜಗಲಿ. ಈ ರೀತಿಯೇ ನಮ್ಮ ವೈಯಾಲಿಕಾವಲ್‌ಗೂ ಇಳಿದು ಬಂತು. ಸಾಯಂಕಾಲ ಜಗಲಿಯಲ್ಲಿ ಕೂತವರಿಗೆ ಬೀದಿಯಲ್ಲಿ ಹೋಗುವವರೆಲ್ಲ ಗೊತ್ತು, ಬೀದಿಯಲ್ಲಿ ಹೋಗುವವರಿಗೆ ಜಗಲಿಯವರೆಲ್ಲ ಗೊತ್ತು. 1997ರಲ್ಲಿ ಒಂದು ಸುದ್ದಿ ಇಡೀ ಬೀದಿಯನ್ನು ಎಬ್ಬಿಸಿದ್ದು ಇಂಥ ಜಗಲಿಗಳ ಬಲದಿಂದಲೇ.

ನಂದಿ ಸಿಕ್ಕಿತು, ಆದರೆ ಜಗಲಿಗಳು ಹೋದವು. ಆಮೇಲಿನ ವರ್ಷಗಳಲ್ಲಿ ನಮ್ಮ ಬೀದಿಯ ಮನೆಗಳು ಒಂದೊಂದಾಗಿ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಮೊದಲು ಹೆಂಚು ಇಳಿಸುತ್ತಾರೆ, ಆಮೇಲೆ ತೇಗದ ತೊಲೆ ಲಾರಿ ಹತ್ತುತ್ತದೆ, ಕೊನೆಗೆ ಹಿತ್ತಲಿನ ಬಾವಿ ಮುಚ್ಚುತ್ತಾರೆ. ಕೆಡವಿದವರನ್ನು ನಾನು ದೂರುವುದಿಲ್ಲ. ಅಣ್ಣತಮ್ಮಂದಿರ ಪಾಲು, ಮಳೆಗಾಲದ ಸೋರಿಕೆ, ಗಾರೆ ಕೆಲಸ ಬಲ್ಲವರ ಕೊರತೆ, ಮಕ್ಕಳ ಓದಿನ ಖರ್ಚು ಎಲ್ಲವೂ ನಿಜ. ಹಳೇ ಮನೆ ಉಳಿಸಿಕೊಂಡವನಿಗೆ ಯಾರೂ ಒಂದು ಹೆಂಚನ್ನೂ ಕೊಡಲಿಲ್ಲ.

ಇಲ್ಲೇ ಕಾನೂನು ನೆರವಿಗೆ ಬರಬೇಕಿತ್ತು. ಇಂಗ್ಲೆಂಡಿನಲ್ಲಿ 1967ರಲ್ಲೇ ಒಂದು ಕಾಯ್ದೆ ಬಂತು. ಒಂದೊಂದೇ ಕಟ್ಟಡವನ್ನು ಹೆಸರಿಸುವುದರ ಜೊತೆಗೆ ಇಡೀ ಹಳ್ಳಿಯನ್ನೋ ಪೇಟೆಯನ್ನೋ ಸಂರಕ್ಷಿತ ಪ್ರದೇಶವೆಂದು ಸಾರುವ ಅಧಿಕಾರ ಅದರಿಂದ ಸಿಕ್ಕಿತು. ಮೊದಲು ಆ ಮನ್ನಣೆ ಪಡೆದದ್ದು ಸ್ಟ್ಯಾಮ್‌ಫರ್ಡ್ ಎಂಬ ಪಟ್ಟಣ. ಇವತ್ತು ಅಲ್ಲಿ ಅಂಥ ಪ್ರದೇಶಗಳು ಸುಮಾರು ಹತ್ತು ಸಾವಿರ. ಅಲ್ಲಿ ಮರ ಕಡಿಯಬೇಕಾದರೂ ಆರು ವಾರ ಮೊದಲೇ ತಿಳಿಸಬೇಕು. ಆ ಆರು ವಾರ ಬೀದಿಗೆ ಯೋಚಿಸಲು ಸಿಗುವ ಸಮಯ. ನಮ್ಮ ದೇಶದಲ್ಲಿ ಮುಂಬಯಿ 1995ರಲ್ಲಿ ಪರಂಪರೆಯ ನಿಯಮ ತಂದಿತು, ಅದರಲ್ಲಿ ಕಟ್ಟಡಗಳ ಜೊತೆ ಇಡೀ ಪ್ರದೇಶಗಳಿಗೂ ಜಾಗವಿದೆ. ಬೆಂಗಳೂರಿನಲ್ಲೂ 2007ರಲ್ಲಿ ಜಾರಿಗೆ ಬಂದ ಪರಿಷ್ಕೃತ ಮಹಾಯೋಜನೆ ಬಸವನಗುಡಿ, ಮಲ್ಲೇಶ್ವರಗಳನ್ನು ಪರಂಪರೆಯ ಪ್ರದೇಶಗಳೆಂದು ಗುರುತಿಸಿತು. ಮುಂದಿನ ಮಹಾಯೋಜನೆಯ ಕರಡು 2017ರಲ್ಲಿ ಹೊರಬಂತು, ಆಮೇಲೆ ಸರ್ಕಾರವೇ ಅದನ್ನು ಹಿಂದಕ್ಕೆ ಪಡೆಯಿತು. ಕಾಗದದಲ್ಲಿ ಹೆಸರಿದ್ದರೂ ಬೀದಿಯಲ್ಲಿ ಜೆಸಿಬಿಯನ್ನು ತಡೆದು ನಿಲ್ಲಿಸಿದ ಕೈ ನನಗೆ ಕಾಣಲಿಲ್ಲ.

ರಕ್ಷಣೆ ಎಂದ ಕೂಡಲೇ ಹೆದರುವವರಿದ್ದಾರೆ, ಅವರ ಹೆದರಿಕೆಗೂ ಕಾರಣವಿದೆ. 2011ರ ಜುಲೈಯಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಕಲ್ಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡು ಬಾಳುತ್ತಿದ್ದ ಕುಟುಂಬಗಳನ್ನು ಸ್ಮಾರಕ ಉಳಿಸುವ ಹೆಸರಿನಲ್ಲೇ ಎಬ್ಬಿಸಿದರು. ರಥಬೀದಿ ಉಳಿಯಿತು, ಅಲ್ಲಿ ದಿನವೂ ದೀಪ ಹಚ್ಚುತ್ತಿದ್ದವರು ಹೋದರು. ಅಂಥ ರಕ್ಷಣೆ ನಮ್ಮ ಬೀದಿಗೆ ಬೇಡ. ಗಂಗಮ್ಮನ ಗುಡಿಯೆದುರು ನಂದಿ ಸಿಕ್ಕಿದ್ದು ಸುತ್ತ ಜನ ಇದ್ದದ್ದರಿಂದ. ಅವರನ್ನು ಮೊದಲೇ ಒಕ್ಕಲೆಬ್ಬಿಸಿದ್ದರೆ ಅಗೆದು ನೋಡಿ ಎನ್ನಲು ಅಲ್ಲಿ ಯಾರಿರುತ್ತಿದ್ದರು? ಜನ ಬೇರೆ, ಜಾಗ ಬೇರೆ ಎಂದು ನೋಡುವ ಕಾನೂನು ಬೇರು ಕತ್ತರಿಸಿ ಮರಕ್ಕೆ ಬೇಲಿ ಹಾಕಿದ ಹಾಗೆ.

ಹಾಗಾದರೆ ಏನು ಬೇಕು? ಹಳೇ ಬೀದಿಯಲ್ಲಿ ಕೆಡವುವ ಮುಂಚೆ, ಅಗೆಯುವ ಮುಂಚೆ ಬೀದಿಯವರನ್ನೂ ಬಲ್ಲವರನ್ನೂ ಕೇಳಲೇಬೇಕೆಂಬ ಕಟ್ಟಳೆ ಬೇಕು. ಮನೆ ಉಳಿಸಿಕೊಂಡವನಿಗೆ ತೆರಿಗೆಯಲ್ಲಿ ರಿಯಾಯಿತಿ, ರಿಪೇರಿಗೆ ನೆರವು, ಕಟ್ಟದೆ ಬಿಟ್ಟ ಹಕ್ಕನ್ನು ಬೇರೆಡೆ ಮಾರುವ ಅವಕಾಶ ಬೇಕು. ಒಳಗೆ ಹೊಸ ಅಡುಗೆಮನೆ ಮಾಡಿಕೊಳ್ಳಲಿ, ಲಿಫ್ಟೂ ಇಟ್ಟುಕೊಳ್ಳಲಿ. ಬೀದಿಗೆ ಕಾಣುವ ಮುಖ, ಮರ, ಮನೆಯ ಎತ್ತರ, ಹಿಂದಿನ ಗಲ್ಲಿ, ಬಾವಿ ಉಳಿಯಲಿ. ಗುಡಿಯೊಂದನ್ನು ಉಳಿಸಿ ಸುತ್ತಲಿನ ಬೀದಿ ಬಿಟ್ಟುಕೊಟ್ಟರೆ, ಮುಂದೆ ನೆಲದಡಿ ಇನ್ನೊಂದು ಕಲ್ಯಾಣಿಯಿದ್ದರೂ ಅದರ ಸುಳಿವು ಹೇಳುವವರು ಇರುವುದಿಲ್ಲ.

ನಂದಿ ತೀರ್ಥವನ್ನು ಉಳಿಸಿದ್ದು ನ್ಯಾಯಾಲಯವಲ್ಲ, ಇಲಾಖೆಯಲ್ಲ. ಬೀದಿಯವರ ಅನುಮಾನ, ಅವರ ಹಟ. ಒಮ್ಮೆ ಅದು ಗೆದ್ದಿತು. ಪ್ರತಿಸಲವೂ ಹಟವನ್ನೇ ನಂಬಿಕೊಂಡು ಒಂದು ಊರು ಉಳಿಯಲಾರದು. ಮಹಾಯೋಜನೆಯ ಕರಡು ಹೊರಬಂದಾಗ ಜನರ ಆಕ್ಷೇಪಣೆ, ಸಲಹೆ ಕೇಳಬೇಕೆಂದು ಕಾಯ್ದೆಯೇ ಹೇಳುತ್ತದೆ. ಆ ದಿನ ನೀವು ಬರಿಗೈಯಲ್ಲಿ ಹೋಗಬೇಡಿ. ಯಾವ ಮನೆಯ ಹಿತ್ತಲಲ್ಲಿ ಬಾವಿ ಇತ್ತು, ಯಾವ ಕಟ್ಟೆಯ ಕೆಳಗೆ ನಾಗರಕಲ್ಲಿದೆ, ಮಳೆನೀರು ಯಾವ ದಾರಿ ಹಿಡಿದು ಹೋಗುತ್ತಿತ್ತು ಎಂದು ಮನೆಯ ಹಿರಿಯರನ್ನು ಈಗಲೇ ಕೇಳಿ, ಬರೆದಿಟ್ಟುಕೊಳ್ಳಿ. ವೈಯಾಲಿಕಾವಲ್‌ನ ಒಂದೊಂದು ಅಡ್ಡರಸ್ತೆಗೂ ಒಂದೊಂದು ಪಟ್ಟಿ ಮಾಡಿ, ಅದನ್ನು ಅಧಿಕಾರಿಗಳ ಮೇಜಿನ ಮೇಲಿಟ್ಟು ರಸೀತಿ ಪಡೆದು ಬನ್ನಿ. 1997ರಲ್ಲಿ ನಮ್ಮ ಹತ್ತಿರ ನಂಬಿಕೆಯೊಂದೇ ಇತ್ತು. ನಿಮ್ಮ ಹತ್ತಿರ ದಾಖಲೆಯೂ ಇರಲಿ.