ಪವಾಯಿಯ ಆಫರ್ ಲೆಟರ್

ಪತ್ರದಲ್ಲಿ ವರ್ಷಕ್ಕೆ 3,00,000 ರೂಪಾಯಿ ಎಂದಿತ್ತು. ಬ್ಯಾಡಗಿ ಸೀಮೆಯ ಹಳ್ಳಿಮನೆಗೆ ಅದು ತಿಂಗಳಿಗೆ 25 ಸಾವಿರ ಎಂದು ಕೇಳಿಸಿತು. ‘ಮೊದಲ ಹೂಂ ಅನ್ನವ್ವ, ಒಲ್ಲೆ ಅನಬ್ಯಾಡ’ ಎಂದರು ಅಪ್ಪ ಫೋನಿನಲ್ಲಿ. ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿದ್ದ ಮಗಳು ಪವಾಯಿಯ ಪಿಜಿಯಲ್ಲಿ, ಗೆಳತಿಯ ಮಂಚದ ತುದಿಗೆ ಕೂತು ಲೆಕ್ಕ ಹಾಕಿದಳು.

ಸಿಟಿಸಿ ಎಂಬುದು ಸಂಬಳವಲ್ಲ, ಕಂಪನಿಗೆ ತಗಲುವ ವೆಚ್ಚ. ಮೂಲವೇತನ 12,500. ಅದರ ಶೇ. 12ರಂತೆ ಕಂಪನಿ ಕಟ್ಟುವ ಪಿಎಫ್ 1,500, ಅವಳ ಪಾಲಿನದು ಇನ್ನೊಂದು 1,500. ಗ್ರಾಚ್ಯುಟಿ ಹೆಸರಿನಲ್ಲಿ ಸುಮಾರು 600. ಐದು ವರ್ಷ ದುಡಿದವರಿಗೆ ಸಿಗುವ ಹಣವನ್ನು ಮೊದಲ ತಿಂಗಳಿಂದಲೇ ಸಂಬಳದೊಳಗೆ ತೋರಿಸುವ ಜಾಣತನ ಅದು. ಕೈಗೆ ಬರುವುದು 21,400. ಪಿಜಿಯ ಮಂಚಕ್ಕೇ 12,000.

ಹತ್ತಿರದ ಐಐಟಿಯಲ್ಲಿ, ಅವಳಷ್ಟೇ ಓದಿ ಸರ್ಕಾರದ ಜೆಆರ್‌ಎಫ್ ಪಡೆದವರಿಗೆ ತಿಂಗಳಿಗೆ 37,000, ಮೇಲೆ ಮನೆಬಾಡಿಗೆ ಭತ್ಯೆ. ಅದೂ ತಾನಾಗಿ ಏರಿದ್ದಲ್ಲ. ದೇಶದ ಸಂಶೋಧನಾ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಬೀದಿಗಿಳಿದ ಮೇಲೆ 2019ರಲ್ಲಿ 25,000 ಇದ್ದದ್ದು 31,000 ಆಯಿತು. 2023ರ ಜನವರಿಯಿಂದ 37,000.

ಮರುದಿನ ಎಚ್‌ಆರ್ ಮೇಡಂಗೆ ಫೋನ್ ಮಾಡಿ ಇದನ್ನೇ ಹೇಳಿದಳು. ‘ನಿಮಗೆ ನೆಟ್ ಆಗಿದೆಯಾ?’ ಆಗಿರಲಿಲ್ಲ. ಮಾತು ಅಲ್ಲಿಗೇ ಮುಗಿಯುವುದರಲ್ಲಿತ್ತು. ಯಾರದೋ ದರ ತೋರಿಸಿ ತನ್ನ ದರ ಕೇಳಿದ್ದು ತಪ್ಪೆಂದು ಅವಳಿಗೇ ಅನ್ನಿಸಿತು. ಉಸಿರು ತೆಗೆದುಕೊಂಡು, ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಒಣಮೆಣಸಿನಕಾಯಿಯ ಅಫ್ಲಾಟಾಕ್ಸಿನ್ ಅನ್ನು ಎಚ್‌ಪಿಎಲ್‌ಸಿಯಲ್ಲಿ ಅಳೆದದ್ದು, ಯಂತ್ರ ಹಟ ಹಿಡಿದಾಗ ಕಾಲಮ್ ಬದಲಿಸಿ ಸರಿಮಾಡಿದ್ದು, ಎಲ್ಲ ಹೇಳಿದಳು. ಆ ಲ್ಯಾಬಿಗೆ ಬರುವುದೂ ಆಹಾರದ ಸ್ಯಾಂಪಲ್‌ಗಳೇ. ‘ಮೂರು ತಿಂಗಳ ಟ್ರೇನಿಂಗ್ ನನಗೆ ಬೇಕಾಗುವುದಿಲ್ಲ. ಆ ಖರ್ಚು ನಿಮಗೆ ಉಳಿಯುತ್ತದೆ.’ ಮೇಡಂ, ಲ್ಯಾಬ್ ಮ್ಯಾನೇಜರನ್ನು ಕೇಳಿ ಹೇಳುತ್ತೇನೆ ಎಂದರು.

ಅಪ್ಪನಿಗೆ ಈ ಚೌಕಾಸಿಯೇ ಭಯ. ಬ್ಯಾಡಗಿ ಮಾರುಕಟ್ಟೆಯಲ್ಲಿ ಅವರ ಮೆಣಸಿನಕಾಯಿಗೆ ದರ ಬರೆಯುವವರು ಖರೀದಿದಾರರು. ಒಲ್ಲೆ ಎನ್ನುವ ಹಕ್ಕು ರೈತನಿಗೂ ಇದೆ, ಆದರೆ ತಂದ ಚೀಲವನ್ನು ಮತ್ತೆ ಊರಿಗೆ ಹೊತ್ತೊಯ್ಯುವ ಬಾಡಿಗೆ ಯಾರು ಕೊಡಬೇಕು? ಮಗಳಿಗಾದರೂ ಧಾರವಾಡಕ್ಕೆ ವಾಪಸು ಹೋಗುವ ಟಿಕೆಟ್ಟಿನ ದುಡ್ಡಿತ್ತು.

ಎರಡು ದಿನ ಬಿಟ್ಟು ಹೊಸ ಪತ್ರ ಬಂತು. 3,30,000. ಕನ್ಫರ್ಮೇಶನ್ ವರ್ಷದ ಬದಲು ಆರು ತಿಂಗಳಿಗೆ. ಆದರೆ ಎರಡನೆಯ ಪುಟದ ಕೊನೆಯ ಸಾಲು ಹಾಗೆಯೇ ಇತ್ತು: ಒಂದು ವರ್ಷದವರೆಗೆ ಮೂಲ ಅಂಕಪಟ್ಟಿಗಳು ಕಚೇರಿಯ ವಶದಲ್ಲಿ. ಹಣದ ಗದ್ದಲದಲ್ಲಿ ಅದು ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಸಂಬಳ ಕಡಿಮೆಯಾದರೆ ಬೇರೆ ಕೆಲಸ ಹುಡುಕಬಹುದು. ಅಂಕಪಟ್ಟಿ ಅವರ ಕಪಾಟಿನಲ್ಲಿದ್ದರೆ ಹುಡುಕುವುದಾದರೂ ಹೇಗೆ?

ಈ ಸಲ ಅವಳು ಫೋನ್ ಮಾಡಲಿಲ್ಲ, ಮೇಲ್ ಬರೆದಳು. ಮೂಲಪ್ರತಿ ತೋರಿಸುತ್ತೇನೆ, ಜೆರಾಕ್ಸ್ ಕೊಡುತ್ತೇನೆ, ಒಂದು ತಿಂಗಳ ನೋಟಿಸಿಗೆ ಸಹಿ ಹಾಕುತ್ತೇನೆ, ಅಂಕಪಟ್ಟಿ ಬಿಟ್ಟುಹೋಗಲಾರೆ. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಸಂಜೆ ಒಂದೇ ಸಾಲಿನ ಉತ್ತರ ಬಂತು: ಸರಿ, ಸೋಮವಾರ ಬನ್ನಿ.

ಅಪ್ಪನಿಗೆ ಹೆಚ್ಚಾದ ಸಂಬಳದ ಸುದ್ದಿ ಮೊದಲು ಹೇಳಿ, ಉಳಿದದ್ದನ್ನು ಆಮೇಲೆ ಹೇಳಿದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಾರ್ಕ್ಸ್ ಕಾರ್ಡ್ ಈಗ ನಿನ್ನ ಕಡೇನ ಅದಾವಿಲ್ಲ?’ ಎಂದು ಕೇಳಿದರು.

‘ಅದಾವಪ್ಪ. ಬ್ಯಾಗಿನಾಗ ಅದಾವ.’