ಹಲಗಿ ಕಾದ ಮೇಲೆ ಹೆಜ್ಜಿ

ಹಲಗಿ ಬಾರಿಸುವುದನ್ನು ಕೇಳುವುದಷ್ಟೇ ಅಲ್ಲ, ಅದನ್ನು ಕಾಯಿಸುವುದನ್ನು ನೋಡುವುದೂ ನನಗೆ ಬಲು ಇಷ್ಟ. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಊರುಗಳಲ್ಲಿ ಮೊಹರಂ ಬಂತೆಂದರೆ ಹಲಗಿಯವರು ಬೆಂಕಿ ಹಚ್ಚಿ ತೊಗಲನ್ನು ಉರಿಗೆ ಹಿಡಿಯುತ್ತಾರೆ, ಬೆರಳಿನಿಂದ ತಟ್ಟಿ ಕಿವಿಗೊಡುತ್ತಾರೆ, ಮತ್ತೆ ಹಿಡಿಯುತ್ತಾರೆ. ಹಬ್ಬ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುವುದರಿಂದ ಬೇಸಿಗೆಯ ಹಲಗಿ, ಮಳೆಗಾಲದ ಹಲಗಿ ಎರಡೂ ಕೇಳಸಿಗುತ್ತವೆ. ಮಳೆಗಾಲದ್ದು ಸಿಟ್ಟಿಗೆದ್ದ ಅಳಿಯನ ಹಾಗೆ, ಎಷ್ಟು ಓಲೈಸಿದರೂ ಮಾತು ಬಿಚ್ಚುವುದಿಲ್ಲ.

ತೊಗಲು ಬಿಗಿಯಾಯಿತೋ, ಮೊಹರಂನ ಬೆಂಕಿಗುಂಡಿ ಅಲಾಯಿ ಕುಣಿಯ ಸುತ್ತ ಹೆಜ್ಜಿ ಶುರು. ಮುಂದೆ ಹೋಗಿ, ಅರೆ ತಿರುಗಿ, ಹಿಂದೆ ಸರಿದು ಮತ್ತೆ ಮುಂದೆ. ಅವಸರವೇ ಇಲ್ಲ. ಕ್ರಿ.ಶ. 680ರ ಕರ್ಬಲಾದ ಕಥೆ ರಿವಾಯತ್ ಪದವಾಗಿ ನಮ್ಮ ಮಾತಿನಲ್ಲೇ ಬರುತ್ತದೆ. ಅಲ್ಲಿ ಮಡಿದ ಹುಸೇನನಿಗಾಗಿ ಮರುಗುವ ದನಿಗಳಲ್ಲಿ ಲಿಂಗಾಯತರದೂ ಕುರುಬರದೂ ಇರುತ್ತದೆ. ತತ್ವಪದಕಾರ ಕಡಕೋಳ ಮಡಿವಾಳಪ್ಪನಿಗೆ ಚೆನ್ನೂರ ಜಲಾಲಸಾಹೇಬ ಶಿಷ್ಯನಾದ ನೆಲದಲ್ಲಿ ಇದೇನು ಸೋಜಿಗವಲ್ಲ. ಆದರೆ ಹಲಗಿಯ ನಾದವನ್ನು ಹತ್ತಿರ ಕರೆದು ಬಾರಿಸುವವನನ್ನು ದೂರ ನಿಲ್ಲಿಸಿದ್ದೂ ಇದೇ ನೆಲ. ಅದನ್ನು ಮರೆತು ಹಲಗಿಯನ್ನು ಹೊಗಳಿದರೆ ಅರ್ಧವೇ ಹೇಳಿದಂತೆ.

ಹಲಗಿಗೆ ಒಗ್ಗಿದ ಈ ಕಿವಿಗೆ ಈಚೆಗೆ ಫೋನಿನಲ್ಲಿ ಹೈಟಿಯ ಕೊಂಪಾ ಕೇಳುವ ಚಟ ಹತ್ತಿದೆ. ನೆಮೂರ್ ಜಾನ್‌ಬಾಪ್ಟಿಸ್ಟ್ ಎಂಬ ಸ್ಯಾಕ್ಸೊಫೋನ್ ವಾದಕ 1955ರ ಸುಮಾರಿಗೆ ರೂಢಿಗೆ ತಂದ ಕುಣಿತದ ಸಂಗೀತ ಅದು. ದುಃಖದ ಪದವಲ್ಲ, ಜೋಡಿಯಾಗಿ ಕುಣಿಯುವ ಮೋಜು. ಆದರೂ ತೊಗಲಿನ ಪೆಟ್ಟು, ಲೋಹದ ಗಂಟೆ, ಬಿಡದೆ ಒಂದೇ ಹದದಲ್ಲಿ ಸಾಗುವ ನಡೆ ಕೇಳುತ್ತಿದ್ದರೆ ಕಾಲು ತಾನಾಗಿ ಹೆಜ್ಜಿ ಹುಡುಕುತ್ತದೆ. ನೆಮೂರನಿಗೆ ವೆಬೆರ್ ಸಿಕೋ ಎಂಬ ಎದುರಾಳಿಯೂ ಇದ್ದ. ನಮ್ಮ ಮೇಳಗಳ ಸವಾಲು ಜವಾಬು ಬಲ್ಲವರಿಗೆ ಆ ಜಿದ್ದು ಬಿಡಿಸಿ ಹೇಳಬೇಕಿಲ್ಲ. ಊರಿನ ಹಿರಿಯರೊಬ್ಬರಿಗೆ ಕೇಳಿಸಿದೆ. ‘ಲಯ ಬರಾಬರ್ ಅದ ತಮ್ಮಾ, ಪದಾನೇ ತಿಳೀವಲ್ದು’ ಅಂದರು. ಕಾಲು ಮಾತ್ರ ಆಡುತ್ತಿತ್ತು.

ಈಗ ಮೊಹರಂಗೂ ಹಲವು ಕಡೆ ಡಿಜೆ ಬಂದಿದೆ. ಗದ್ದಲ ಜೋರು, ನಿಜ. ಆದರೆ ಮುದುಕನ ಮಂಡಿ ನೋಡಿ ಲಯ ಇಳಿಸುವುದು, ಹುರುಪಿನ ಹುಡುಗರು ಬಂದಾಗ ಏರಿಸುವುದು ಹಲಗಿಯವನಿಗೆ ಮಾತ್ರ ಗೊತ್ತು.

ಮೊಹರಂನ ಖತಲ್ ರಾತ್ರಿ ಈ ಕಡೆ ಬನ್ನಿ. ಹಬ್ಬದ ಸಿಹಿ ಚೊಂಗೆ ತಿನ್ನಿ, ಎರಡು ಸುತ್ತು ಹೆಜ್ಜಿ ಹಾಕಿ. ಹೋಗುವಾಗ ಹಲಗಿಯವರ ಕೈಗೆ ಧಾರಾಳವಾಗಿ ದುಡ್ಡಿಡಿ.