ಸೊಲ್ಲು ಹಿಡಿಯುವ ಸುಖ

ಮಲೆನಾಡಿನ ದೀಪಾವಳಿಗೆ ಪಟಾಕಿ ಬೇಕೇಬೇಕೆಂದೇನಿಲ್ಲ. ಆದರೆ ಅಂಟಿಗೆ-ಪಂಟಿಗೆಯವರು ಬರದಿದ್ದರೆ ಹಬ್ಬ ಹಬ್ಬವೆನಿಸುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಸೀಮೆಯಲ್ಲಿ ಬಲಿಪಾಡ್ಯಮಿಯ ರಾತ್ರಿ ಊರ ದೇವರ ಮುಂದೆ ದೀಪ ಹಚ್ಚಿಕೊಂಡು ಹಾಡುಗಾರರ ತಂಡ ಹೊರಡುತ್ತದೆ. ಗದ್ದೆಯ ಅಂಚು, ತೋಟದ ಸಂಕ, ಕಾಡಿನ ಕಾಲುದಾರಿ ದಾಟಿ ಮನೆಯಿಂದ ಮನೆಗೆ ಹೋಗುತ್ತದೆ. ದಾರಿಯಲ್ಲಿ ದೀಪ ಆರಬಾರದು. ಅದು ದೊಡ್ಡ ಕಟ್ಟಳೆ. ನಾನು ಇಂಥ ಒಂದು ತಂಡದಲ್ಲಿ ಹಿಂದಿನ ಜೋಡಿಯವನು.

ನಮ್ಮಲ್ಲಿ ಯಾರೂ ಸಂಗೀತ ಕಲಿತವರಲ್ಲ. ಒಬ್ಬರು ಹಾಲಿನ ಡೇರಿ ನೋಡಿಕೊಳ್ಳುತ್ತಾರೆ, ಒಬ್ಬರು ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ, ಒಬ್ಬ ಹುಡುಗ ಹೈಸ್ಕೂಲಿನಲ್ಲಿ ಮೇಷ್ಟ್ರು, ಉಳಿದವರು ಗದ್ದೆ-ತೋಟದವರು. ಬಲೀಂದ್ರನ ಕಥೆ, ಗೋವಿನ ಕಥೆ, ದೀಪ ಹುಟ್ಟಿದ ಕಥೆ, ಬಾಗಿಲು ತೆಗೆಸುವ ಪದ, ಮನೆಯವರನ್ನು ಹರಸುವ ಪದ ಎಲ್ಲವೂ ಕಿವಿಯಿಂದ ಬಾಯಿಗೆ ಬಂದದ್ದು. ಬಾಗಿಲು ತೆಗೆಸುವ ಪದ ನನಗೆ ಎಲ್ಲಕ್ಕಿಂತ ಪ್ರಿಯ. ಅದನ್ನು ಚೆನ್ನಾಗಿ ಹೇಳುವುದೊಂದೇ ಹಲವು ವರ್ಷಗಳಿಂದ ನಮಗೆ ಹಿಡಿದಿರುವ ಹುಚ್ಚು.

ಈ ಹಾಡಿನ ಕಟ್ಟು ಸರಳ. ಮುಂದಿನ ಜೋಡಿ ಒಂದು ಸೊಲ್ಲು ಹೇಳುತ್ತದೆ, ಹಿಂದಿನ ಜೋಡಿ ಅದನ್ನೇ ಮತ್ತೆ ಹೇಳುತ್ತದೆ. ನಾವು ಹೇಳುವಷ್ಟು ಹೊತ್ತು ಮುಂದಿನವರಿಗೆ ಉಸಿರು ತೆಗೆದುಕೊಳ್ಳಲು, ಮುಂದಿನ ಸೊಲ್ಲು ನೆನಪು ಮಾಡಿಕೊಳ್ಳಲು ಬಿಡುವು. ಅಷ್ಟುದ್ದದ ಕಥೆಯನ್ನು ಪುಸ್ತಕವಿಲ್ಲದೆ ರಾತ್ರಿಯಿಡೀ ಹಾಡಲು ಸಾಧ್ಯವಾಗುವುದು ಈ ಏರ್ಪಾಡಿನಿಂದಲೇ. ಹೇಳಿದ್ದನ್ನೇ ಹೇಳುವುದರಲ್ಲಿ ಏನಿದೆ ಎಂದು ಕೇಳುವವರಿದ್ದಾರೆ. ಅಲ್ಲೇ ಎಲ್ಲ ಇರುವುದು. ಮುಂದಿನವರ ಸೊಲ್ಲಿನ ಕೊನೆಯ ಅಕ್ಷರ ಇನ್ನೂ ಎಳೆಯುತ್ತಿರುವಾಗಲೇ ನಾವು ನಮ್ಮ ಮೊದಲ ಅಕ್ಷರವನ್ನು ಅದರ ಕೆಳಗೆ ತಂದಿಡಬೇಕು. ಅವರ ಸ್ವರ ಇಳಿಯುತ್ತದೆ, ನಮ್ಮದು ಏರುತ್ತದೆ. ಎರಡೂ ಕೂಡಿರುವ ಆ ಅರೆ ಗಳಿಗೆಯಲ್ಲಿ ಹಾಡು ಯಾರ ಗಂಟಲಲ್ಲಿದೆ ಎಂಬುದೇ ತಿಳಿಯುವುದಿಲ್ಲ. ನಮಗೆ ಪದ ಕಲಿಸಿದ ಅಜ್ಜಯ್ಯ ಹೇಳುತ್ತಿದ್ದದ್ದು ಇಷ್ಟೇ: "ಅವ್ರು ಬಿಡೋದ್ರೊಳಗೆ ನೀವು ಹಿಡೀಬೇಕು ಮಾರಾಯ. ಮಧ್ಯ ಒಂದು ಉಸಿರು ಖಾಲಿ ಬಿದ್ರೂ ಪದ ಕಡೀತು."

ಅಭ್ಯಾಸಕ್ಕೆ ನಮಗೆ ಸಿಕ್ಕಿರುವ ಜಾಗ ಅಡಿಕೆ ಸುಲಿಯುವ ಚಪ್ಪರ. ಕೊಯ್ಲು ಬೇಗ ಶುರುವಾದ ವರ್ಷ ನವರಾತ್ರಿ ಕಳೆಯುತ್ತಲೇ ಸಂಜೆ ಎಲ್ಲರೂ ಮೆಟ್ಟುಗತ್ತಿಯ ಮುಂದೆ ಕೂರುತ್ತೇವೆ. ಕೈಗೆ ಕೆಲಸವಿದ್ದರೆ ಗಂಟಲಿಗೆ ಸಂಕೋಚವಿರುವುದಿಲ್ಲ. ಕಾಯಿಯನ್ನು ಕತ್ತಿಗೆ ಕೊಟ್ಟು ಸಿಪ್ಪೆ ಬಿಡಿಸುವ ಕೈಯ ಓಟಕ್ಕೆ ಲಯ ತಾನಾಗಿ ಕೂಡಿಕೊಳ್ಳುತ್ತದೆ. ತಪ್ಪಿದವರನ್ನು ಯಾರೂ ತಿದ್ದುವುದಿಲ್ಲ. ಅದೇ ಸೊಲ್ಲನ್ನು ಇನ್ನೊಮ್ಮೆ ಎತ್ತುತ್ತಾರೆ, ಅಷ್ಟೇ. ತಿದ್ದುವ ಕ್ರಮಗಳಲ್ಲಿ ಇಷ್ಟು ಮರ್ಯಾದೆಯದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊಬೈಲ್ ಬಂದ ಮೇಲೆ ಹಾಡಿದ್ದನ್ನು ರೆಕಾರ್ಡ್ ಮಾಡಿ ಕೇಳಿಸಿಕೊಳ್ಳುತ್ತೇವೆ. ಅದರಿಂದ ಬಹಳ ಕಲಿತೆವು. ಸೊಲ್ಲಿನ ಮೊದಲು ಗಟ್ಟಿಯಾಗಿರುತ್ತದೆ, ಕೊನೆಯ ಎರಡು ಅಕ್ಷರ ಗಂಟಲಲ್ಲೇ ಉಳಿಯುತ್ತದೆ. ಎಲ್ಲ ಹವ್ಯಾಸಿಗಳ ಕಥೆಯೂ ಇದೇ ಇರಬೇಕು. ಕೊನೆ ತೇಲಿಹೋದರೆ ಹಿಡಿಯುವವರಿಗೆ ಹಿಡಿ ಸಿಗುವುದಿಲ್ಲ. ಜೋಡಿಯಲ್ಲಿ ಇಬ್ಬರೂ ಒಟ್ಟಿಗೆ ಉಸಿರೆಳೆದುಕೊಂಡರೆ ನಡುವೆ ಹಳ್ಳ ಬೀಳುತ್ತದೆ. ಹಾಗಾಗಿ ನಾನು ಎಲ್ಲಿ ಉಸಿರು ತೆಗೆದುಕೊಳ್ಳುತ್ತೇನೋ ಅಲ್ಲಿ ನನ್ನ ಜೊತೆಗಾರ ತೆಗೆದುಕೊಳ್ಳುವುದಿಲ್ಲ. ಶ್ರುತಿಪೆಟ್ಟಿಗೆ ಇಲ್ಲದ ಹಾಡಿದು. ಮೊದಲು ಬಾಯಿ ತೆರೆದವನದೇ ಶ್ರುತಿ. ಹುಮ್ಮಸ್ಸಿನಲ್ಲಿ ಮೊದಲ ಮನೆಯಲ್ಲೇ ಏರು ಸ್ವರ ಹಿಡಿದರೆ ನಡುರಾತ್ರಿಯ ಇಬ್ಬನಿಯಲ್ಲಿ ಗಂಟಲು ಕಟ್ಟುತ್ತದೆ. ಬಲ್ಲವರು ಕೆಳಗಿನಿಂದ ಎತ್ತಿಕೊಂಡು, ಮೈ ಬೆಚ್ಚಗಾದ ಹಾಗೆ ಮೇಲಕ್ಕೆ ಒಯ್ಯುತ್ತಾರೆ. ತಣ್ಣೀರು ಮುಟ್ಟುವುದಿಲ್ಲ. ಯಾವ ಮನೆಯಲ್ಲಿ ಜೀರಿಗೆ ಕಷಾಯ ಬಿಸಿಯಾಗಿ ಸಿಗುತ್ತದೆಂದು ತಂಡಕ್ಕೆಲ್ಲ ಗೊತ್ತು.

ನಮ್ಮ ಮೇಷ್ಟ್ರು ಹುಡುಗನಿಗೆ ಒಳ್ಳೆಯ ಕಂಠವಿದೆ. ಭಾವಗೀತೆ ಕೇಳಿ ಬೆಳೆದವನು. ಮುಂದಿನ ಜೋಡಿಗೆ ಬಂದಾಗ ಸೊಲ್ಲಿನ ಕೊನೆಯಲ್ಲಿ ಸಣ್ಣಸಣ್ಣ ಬಳುಕು ಹಾಕುತ್ತಿದ್ದ. ಕೇಳಲು ಇಂಪಾಗಿಯೇ ಇತ್ತು. ಆದರೆ ಹಿಂದಿದ್ದ ನಮ್ಮಿಬ್ಬರಿಗೆ ಅದನ್ನು ಹಾಗೆಯೇ ಮರಳಿ ಹೇಳಲು ಬರುತ್ತಿರಲಿಲ್ಲ. ಅವನಿಗೆ ಯಾರೂ ಏನೂ ಹೇಳಲಿಲ್ಲ. ಒಂದು ಹಬ್ಬ ಕಳೆದು ಇನ್ನೊಂದು ಬರುವಷ್ಟರಲ್ಲಿ ಅವನೇ ಬಿಟ್ಟ. ಈಗ ಅವನ ಸೊಲ್ಲು ನೇರವಾಗಿ ಬರುತ್ತದೆ, ಪಾಲಿಶ್ ಮಾಡದ ಹಲಸಿನ ಹಲಗೆಯ ಹಾಗೆ ಎಳೆಎಳೆ ಕಾಣುತ್ತದೆ. ಹಿಂದಿನವರು ಹಿಡಿಯಲಾರದ್ದು ಈ ಹಾಡಿನಲ್ಲಿ ಇರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ತಲೆಮಾರಿನಿಂದ ತಲೆಮಾರಿಗೆ ಇದು ದಾಟಿಬಂದದ್ದೂ ಹಿಡಿಯಲು ಬರುವಂತೆ ಇದ್ದುದರಿಂದಲೇ.

1931ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಅಚ್ಚು ಹಾಕಿಸಿದಾಗಿನಿಂದ ನಮ್ಮ ಜನಪದ ಹಾಡುಗಳಿಗೆ ಪುಸ್ತಕದ ಬಲ ಸಿಕ್ಕಿತು. ಆ ಉಪಕಾರ ದೊಡ್ಡದು. ಆದರೆ ಪುಸ್ತಕದಲ್ಲಿ ಮಾತು ಉಳಿಯುತ್ತದೆ, ಧಾಟಿ ಉಳಿಯುವುದಿಲ್ಲ. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿಯಂಥ ನಿಲಯಗಳಿಂದ ಹಳ್ಳಿಯ ದನಿಗಳು ಗಾಳಿಗೂ ಬಂದವು. ಆದರೂ ಒಂದೇ ಪದವನ್ನು ಹೊಳೆಯ ಆಚೆ ದಡದವರು ಒಂದು ಥರ ಎಳೆದರೆ, ಈಚೆ ದಡದವರು ಇನ್ನೊಂದು ಥರ ಎಳೆಯುತ್ತಾರೆ. ಇಷ್ಟು ಬಗೆಯ ಎಳೆತ ಯಾವ ಪೆಟ್ಟಿಗೆಗೂ ಪೂರ್ತಿ ಹಿಡಿಸುವುದಿಲ್ಲ. ಹಾಡುವವರ ಬಾಯಲ್ಲೇ ಇರಬೇಕು. ಸಂಗೀತ ಬಾರದ ನಮ್ಮಂಥವರಿಗೂ ಇಲ್ಲಿ ಕೆಲಸವಿರುವುದು ಅದಕ್ಕೇ.

ಹಬ್ಬದ ರಾತ್ರಿ ಮನೆಯೊಂದರ ಅಂಗಳಕ್ಕೆ ಬಂದು ನಿಂತಾಗ ಬಾಗಿಲು ಮುಚ್ಚಿರುತ್ತದೆ. ಒಳಗೆ ಎಲ್ಲರೂ ಎಚ್ಚರವಿರುತ್ತಾರೆ. ಮಕ್ಕಳು ಪಿಸುಗುಟ್ಟುವುದು ಕೇಳಿಸುತ್ತದೆ. ದೀಪ ಹಿಡಿದವನು ಗಾಳಿಗೆ ಅಂಗೈ ಅಡ್ಡ ಇಟ್ಟುಕೊಳ್ಳುತ್ತಾನೆ. ಮುಂದಿನ ಜೋಡಿ ಮೆಲ್ಲಗೆ ಸೊಲ್ಲೆತ್ತುತ್ತದೆ, ನಾವು ಹಿಡಿಯುತ್ತೇವೆ. ಮೂರು ನಾಲ್ಕು ಸೊಲ್ಲಿಗೆ ದನಿಗಳು ಕೂಡಿಕೊಳ್ಳುತ್ತವೆ. ಆಮೇಲೆ ಚಿಲಕ ಸರಿಯುತ್ತದೆ. ಮನೆಯೊಡತಿ ಗಿಂಡಿಯಲ್ಲಿ ಎಣ್ಣೆ ತಂದು ನಮ್ಮ ದೀಪಕ್ಕೆ ಎರೆಯುತ್ತಾಳೆ, ತನ್ನ ಬತ್ತಿಯನ್ನು ಅದರಿಂದ ಹೊತ್ತಿಸಿಕೊಂಡು ದೇವರ ಕೋಣೆಗೆ ಒಯ್ಯುತ್ತಾಳೆ. ಜಗಲಿಯಲ್ಲಿ ಕೂತು ಇನ್ನಷ್ಟು ಪದ ಹೇಳುತ್ತೇವೆ. ಅಕ್ಕಿ, ತೆಂಗಿನಕಾಯಿ, ಕಾಣಿಕೆ, ಕಡುಬು ಕೊಡುತ್ತಾರೆ. ಹೀಗೆ ಕೂಡಿದ ಅಕ್ಕಿ-ದುಡ್ಡಿನಲ್ಲಿ ಹಬ್ಬ ಮುಗಿದ ಮೇಲೆ ಎಲ್ಲರೂ ಸೇರಿ ಅಡುಗೆ ಮಾಡಿ ಉಣ್ಣುವುದುಂಟು.

ಈಚೆಗೆ ನಮ್ಮನ್ನು ವೇದಿಕೆಗೂ ಕರೆಯುತ್ತಾರೆ. ಮೈಕು, ಬಣ್ಣದ ದೀಪ, ಹತ್ತು ನಿಮಿಷದ ಅವಕಾಶ. ಹೋಗುತ್ತೇವೆ, ಹಾಡುತ್ತೇವೆ; ಪೇಟೆಯ ಮಕ್ಕಳು ಕೇಳುವುದು ಒಳ್ಳೆಯದೇ. ಆದರೆ ಬಾಗಿಲೇ ಇಲ್ಲದ ಕಡೆ ಬಾಗಿಲು ತೆಗೆಸುವ ಪದ ಅರ್ಧ ಕೆಲಸ ಮಾಡುತ್ತದೆ. ಅಂಗಳದಲ್ಲಿ ಅದೇ ಪದ ಇಮ್ಮಡಿ ಬೆಳೆಯುತ್ತದೆ, ಒಳಗೊಬ್ಬರು ಕಾಯುತ್ತಿದ್ದಾರೆ ಎಂಬುದು ಹಾಡುವವನ ಎದೆಗೆ ಗೊತ್ತಿರುವುದರಿಂದ.

ದೀಪಾವಳಿಗೆ ನಮ್ಮ ಕಡೆ ನೆಂಟರ ಮನೆಗೆ ಬಂದಿದ್ದರೆ, ನಡುರಾತ್ರಿ ಅಂಗಳದಲ್ಲಿ ಹಾಡು ಕೇಳಿಸಿದರೆ, ದಯವಿಟ್ಟು ಎದ್ದು ಕೂತುಕೊಳ್ಳಿ. ಮೊಬೈಲ್ ಹಿಡಿದು ಹೊರಗೆ ಓಡಿ ಬರಬೇಡಿ, ಬಾಗಿಲನ್ನೂ ಬೇಗ ತೆಗೆಯಬೇಡಿ. ಪದ ಮುಗಿಯುವ ತನಕ ಒಳಗೇ ಕೇಳಿ. ಹಿಂದಿನ ಜೋಡಿ ಸೊಲ್ಲು ಹಿಡಿಯುವ ಜಾಗಕ್ಕೆ ಕಿವಿ ಕೊಡಿ. ಆಮೇಲೆ ಬಾಗಿಲು ತೆಗೆದು ದೀಪಕ್ಕೆ ಎಣ್ಣೆ ಎರೆಯಿರಿ.